ದುಡಿದು ತೀರಿಸುವ ಮನೆ ಕಂದಾಯ

ಪ್ರಶ್ನೆ: ಅಮೆರಿಕದಲ್ಲಿ ವಯಸ್ಸಾದವರು ಮನೆ ಕಂದಾಯವನ್ನು ಕೆಲಸ ಮಾಡಿ ತೀರಿಸುತ್ತಾರಂತೆ, ನಿಜವೇ?

ಉತ್ತರ: ನಿಜ, ಆದರೆ ಒಂದು ಮಿತಿಯವರೆಗೆ. ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನು 60 ದಾಟಿದ ಮನೆ ಮಾಲೀಕರಿಗೆ ಈ ದಾರಿ ತೆರೆದಿದೆ. ಒಪ್ಪುವುದು ಬಿಡುವುದು ಆಯಾ ಊರಿನ ಇಷ್ಟ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಊರಿನ ಕಚೇರಿಯಲ್ಲಿ ಕಡತ ಹೊಂದಿಸುವುದು, ಹೀಗೆ ಕೆಲಸ. ಕೈಗೆ ಕಾಸು ಬರುವುದಿಲ್ಲ, ಕಂದಾಯದ ಬಿಲ್ಲು ಇಳಿಯುತ್ತದೆ.

ಗಂಟೆಯ ದರ ರಾಜ್ಯದ ಕನಿಷ್ಠ ಕೂಲಿಯನ್ನು ಮೀರುವಂತಿಲ್ಲ. ವಾರ್ಷಿಕ ಮಿತಿಯನ್ನು 2023ರಲ್ಲಿ 1,500ರಿಂದ 2,000 ಡಾಲರಿಗೆ ಏರಿಸಿದರು. ಗಂಟೆಗೆ 15 ಡಾಲರಿನಂತೆ ಸುಮಾರು 133 ಗಂಟೆಯ ದುಡಿಮೆ!

ಮಂಡಿನೋವಿನವರ ಗತಿ? ಅವರ ಬದಲು ಬೇರೊಬ್ಬರು ದುಡಿಯಲು ಊರು ಅವಕಾಶ ಕೊಡಬಹುದು. ತಮಾಷೆಯೆಂದರೆ, ಹೀಗೆ ಉಳಿದ ಮೊತ್ತವನ್ನು ರಾಜ್ಯ ಆದಾಯವೆಂದು ಎಣಿಸುವುದಿಲ್ಲ. ಕೇಂದ್ರದ ತೆರಿಗೆ ಇಲಾಖೆ ಎಣಿಸುತ್ತದೆ.