ಮನೆಗೆಲಸದ ಶಾಲೆ ದಾಟಿ ಬಂದವರು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕೂಟಮಂಡ್ರಾದಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳಿಗೆಂದೇ ಸರ್ಕಾರ ಒಂದು ವಸತಿಗೃಹ ನಡೆಸುತ್ತಿತ್ತು. ತಾಯಂದಿರಿಂದ ಕಿತ್ತು ತಂದ ಹುಡುಗಿಯರಿಗೆ ಅಲ್ಲಿ ಗುಡಿಸುವುದು, ಒಗೆಯುವುದು, ಬೇಯಿಸುವುದನ್ನು ಕಲಿಸಿ ಬಿಳಿಯರ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಅದು ಮುಚ್ಚಿದ್ದು 1960ರ ದಶಕದ ಕೊನೆಗೆ. ಬಿಳಿಯ ಪೋಷಕರು ತಕರಾರು ತೆಗೆದರೆ ಮೂಲನಿವಾಸಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡಲು ಅವಕಾಶ ಕೊಡುವ ನಿಯಮವಂತೂ 1972ರವರೆಗೂ ಉಳಿದಿತ್ತು.

ಅದೇ ಕಾಲದಲ್ಲೇ, 1959ರಲ್ಲಿ, ಮಾರ್ಗರೆಟ್ ವಿಲಿಯಮ್ಸ್ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಡಿಪ್ಲೊಮಾ ಮುಗಿಸಿದರು. ಆ ದೇಶದಲ್ಲಿ ವಿಶ್ವವಿದ್ಯಾಲಯದ ಓದು ಪೂರೈಸಿದ ಮೊದಲ ಮೂಲನಿವಾಸಿ ಎಂದು ಗುರುತಿಸಲಾಗುವುದು ಈ ಹೆಣ್ಣುಮಗಳನ್ನು. 1966ರಲ್ಲಿ ಮಾರ್ಗರೆಟ್ ವಲಾಡಿಯನ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಆಗಿನ್ನೂ ಮೂಲನಿವಾಸಿಗಳಿಗೆಂದೇ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿರಲಿಲ್ಲ. ‘ಆಬ್‌ಸ್ಕಾಲ್’ ಎಂಬ ನಿಧಿಗೆ ಹಣ ಕೂಡಿಸುತ್ತಿದ್ದವರು ವಿದ್ಯಾರ್ಥಿ ಸಂಘಟನೆಯವರು. ಸರ್ಕಾರದ ‘ಆಬ್‌ಸ್ಟಡಿ’ ಬಂದದ್ದು 1969ರಲ್ಲಿ.

ಹಣದಿಂದ ಶುಲ್ಕ ಕಟ್ಟಬಹುದು. ತನ್ನವರು ಒಬ್ಬರೂ ಇಲ್ಲದ ತರಗತಿಯಲ್ಲಿ ವರ್ಷಗಟ್ಟಲೆ ಕೂರುವ ಕಷ್ಟ ಅದರಿಂದ ಕಳೆಯದು. ಈ ಕಷ್ಟಕ್ಕೆ ಉತ್ತರ ಹುಡುಕಿದ ಮೊದಲ ಗಟ್ಟಿ ಪ್ರಯತ್ನ ಅಡಿಲೇಡ್‌ನಲ್ಲಿ ನಡೆಯಿತು. ಅಲ್ಲಿನ ಸೌತ್ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1973ರಲ್ಲಿ ‘ಅಬೊರಿಜಿನಲ್ ಟಾಸ್ಕ್ ಫೋರ್ಸ್’ ಶುರುವಾಯಿತು. ಓದಿನ ಜೊತೆಗೆ ಆಸರೆಯನ್ನೂ ಕೊಡುವುದು ಅದರ ಬಗೆ.

ಎರಡು ವರ್ಷಗಳ ನಂತರ ಅಲ್ಲಿ ಕೆಲಸಕ್ಕೆ ಸೇರಿದವರು ಮೇರಿಆ್ಯನ್ ಬಿನ್-ಸಾಲಿಕ್. ಜಾರು ಸಮುದಾಯದವರು, ಡಾರ್ವಿನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ದೀರ್ಘಕಾಲ ದುಡಿದವರು. ಮುಂದೆ ಹಾರ್ವರ್ಡ್‌ಗೆ ಹೋಗಿ 1989ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟಕ್ಕೇ ನಿಲ್ಲದೆ, ಓದಿ ಮೇಲೆ ಬಂದ ಮೂಲನಿವಾಸಿ ಮಹಿಳೆಯರ ಅನುಭವಗಳನ್ನು ಅವರ ಮಾತಿನಲ್ಲೇ ಬರೆಸಿ, 2000ದಲ್ಲಿ ‘ಅಬೊರಿಜಿನಲ್ ವಿಮೆನ್ ಬೈ ಡಿಗ್ರೀಸ್’ ಎಂಬ ಪುಸ್ತಕ ಸಂಪಾದಿಸಿದರು. ಇವರ ದೊಡ್ಡ ಕೆಲಸ ಇದೇ ಎನ್ನಬೇಕು. ಅಲ್ಲಿಯವರೆಗೆ ಬೇರೆಯವರ ಸಂಶೋಧನೆಗೆ ವಸ್ತುವಾಗಿದ್ದವರು ತಮ್ಮ ಕಥೆಗೆ ತಾವೇ ಲೇಖಕಿಯರಾದರು.

ಈ ನಡುವೆ ಬಾಗಿಲುಗಳು ಒಂದೊಂದಾಗಿ ತೆರೆದಿದ್ದವು. ಮೂಲನಿವಾಸಿಯಾದ ಪ್ಯಾಟ್ ಓಶೇನ್ 1976ರಲ್ಲಿ ಬ್ಯಾರಿಸ್ಟರ್ ಆದರು. 1983ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಿಂದ ಹೊರಬಂದ ಹೆಲೆನ್ ಮಿಲ್ರಾಯ್, ದೇಶದ ಮೊದಲ ಮೂಲನಿವಾಸಿ ವೈದ್ಯೆ.

ಇಂದು ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಮಹಿಳೆಯರು. ಅನೇಕರು ಮಕ್ಕಳನ್ನು ಸಾಕುತ್ತಲೇ, ವಯಸ್ಸು ಮೀರಿದ ಮೇಲೆ ಓದಲು ಬರುವವರು. ವಿಶ್ವವಿದ್ಯಾಲಯಗಳಲ್ಲಿ ಮೂಲನಿವಾಸಿ ವಿದ್ಯಾರ್ಥಿ ಕೇಂದ್ರಗಳು ಸಾಮಾನ್ಯವಾಗಿವೆ. ಆದರೂ ಸೇರಿದವರಲ್ಲಿ ಪದವಿ ಮುಗಿಸುವವರ ಪ್ರಮಾಣ ಉಳಿದವರಿಗಿಂತ ಕಡಿಮೆಯೇ ಇದೆ. ಪ್ರವೇಶದ ಲೆಕ್ಕ ತೋರಿಸಿ ಬೀಗುವ ಆಡಳಿತಗಳು ಮೊದಲು ನೋಡಬೇಕಾದದ್ದು ಈ ಅಂತರವನ್ನು.