ಹೇಳಲಾಗದ ಜಾಗದ ನರೂಲಿಗೆ ಸುಣ್ಣ-ಸೋಡಾ ಬೇಡ!

ಮಲ್ಲಿಪಟ್ಟಣದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಅಂಗಡಿಯವರೊಬ್ಬರು ಈ ವರದಿಗಾರನ ಕಿವಿಯ ಬಳಿ ಬಂದು ಪಿಸುಗುಟ್ಟಿದರು: "ಸಾ, ಪೇಪರ್‌ನೋರು ನೀವು. ಕೆಳಗಡೆ ನರೂಲಿ ಎದ್ದವೆ. ಸುಣ್ಣ-ಸೋಡಾ ಹಚ್ಚಿದೆ, ಸುಟ್ಟು ಹುಣ್ಣಾಯ್ತು. ಕ್ಯಾನ್ಸರ್ ಇರ್ಬೋದಾ?"

ಗೋಡೆಯ ಮೇಲಿನ 'ಗುಪ್ತರೋಗ' ಪೋಸ್ಟರ್ ನಂಬಿ ಲಾಡ್ಜಿನ ಪಂಡಿತರಿಗೆ ದುಡ್ಡು ತೆತ್ತದ್ದೂ ಆಗಿತ್ತು. ಇಂಥವರು ಇವರೊಬ್ಬರೇ ಆಗಿದ್ದರೆ ಬರೆಯುವ ಪ್ರಮೇಯವೇ ಇರಲಿಲ್ಲ.

ಓದುಗರೇ, ಇದು ಶಾಪವೂ ಅಲ್ಲ, ಉಷ್ಣವೂ ಅಲ್ಲ. ಎಚ್‌ಪಿವಿ ಎಂಬ ವೈರಸ್ಸಿನ ಕೆಲಸ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗುಹ್ಯಭಾಗದ ನರೂಲಿಗಳಲ್ಲಿ ನೂರಕ್ಕೆ ಸುಮಾರು 90 ಬರುವುದು 6 ಮತ್ತು 11ನೇ ಬಗೆಗಳಿಂದ. ಇವು ಕ್ಯಾನ್ಸರ್ ತರುವುದು ತೀರಾ ಅಪರೂಪ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆಗಳು. ಆದರೆ ಒಬ್ಬರಲ್ಲೇ ಎರಡೂ ಜಾತಿ ಸೇರಿರಬಹುದು. ಆದ್ದರಿಂದ ನರೂಲಿ ಇರಲಿ ಬಿಡಲಿ, 30 ದಾಟಿದ ಹೆಂಗಸರು ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು.

ಹರಡುವುದು ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗಿ. ನಿರೋಧ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಸೋಂಕು ತಗುಲಿ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ನರೂಲಿ ಏಳಬಹುದು. ಹಾಗಾಗಿ ಇಂದು ಕಂಡದ್ದಕ್ಕೆ ನಿನ್ನೆಯ ನಡತೆಯನ್ನು ದೂರಿ ಹೆಂಡತಿಯನ್ನು ತವರಿಗೆ ಅಟ್ಟುವುದು ಶುದ್ಧ ಅವಿವೇಕ. ಯಾರಿಂದ ಯಾರಿಗೆ ಬಂತೆಂದು ಡಾಕ್ಟರಿಗೂ ಹೇಳಲಾಗದು.

ಇನ್ನು ಔಷಧಿ. ಕೈನರೂಲಿಗೆ ಹಚ್ಚುವ ಮುಲಾಮು ಅಲ್ಲಿಗೆ ಆಗದು. ಎಕ್ಕದ ಹಾಲು, ಕುದುರೆ ಕೂದಲು ಕಟ್ಟುವುದು ಬೇಡವೇ ಬೇಡ. ಡಾಕ್ಟರು ಪೊಡೊಫಿಲಿನ್ ಅಥವಾ ಆಮ್ಲವನ್ನು ನರೂಲಿಗೆ ಮಾತ್ರ ತಾಗುವಂತೆ ಹಚ್ಚುತ್ತಾರೆ. ಇಲ್ಲವೇ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿಯೋ ಕರೆಂಟಿನಿಂದ ಸುಟ್ಟೋ ತೆಗೆಯುತ್ತಾರೆ. ಮನೆಯಲ್ಲೇ ಹಚ್ಚಿಕೊಳ್ಳುವ ಇಮಿಕ್ವಿಮೋಡ್ ಮುಲಾಮೂ ಇದೆ, ಅದೂ ಚೀಟಿ ಬರೆಸಿಕೊಂಡ ಮೇಲೆ. ಬಸುರಿಯರಿಗೆ ಪೊಡೊಫಿಲಿನ್ ಕೂಡದು. ಜೊತೆಗೆ ಸಿಫಿಲಿಸ್, ಎಚ್‌ಐವಿ ರಕ್ತಪರೀಕ್ಷೆಗೂ ಬರೆಯುತ್ತಾರೆ. ಗಾಬರಿ ಬೀಳಬೇಡಿ, ಅದು ಪದ್ಧತಿ.

ಒಂದೇ ಸಲಕ್ಕೆ ಮುಗಿಯಿತೆಂದು ತಿಳಿಯಬೇಡಿ. ಈ ಚಿಕಿತ್ಸೆ ನರೂಲಿಯನ್ನು ತೆಗೆಯುತ್ತದೆಯೇ ಹೊರತು ವೈರಸ್ಸನ್ನಲ್ಲ. ಮೊದಲ 3 ತಿಂಗಳಲ್ಲಿ ಮರಳಿ ಏಳುವುದು ಮಾಮೂಲು. ಮತ್ತೆ ಹೋಗಿ ತೆಗೆಸಬೇಕು, ಅಷ್ಟೆ. ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ಮೈಯ ರೋಗನಿರೋಧಕ ಶಕ್ತಿಯೇ ವೈರಸ್ಸನ್ನು ಅಡಗಿಸುತ್ತದೆ. ಬೀಡಿ ಸೇದುವವರಿಗೆ ಇದು ತಡ, ಆ ಅಂಗಡಿಯವರ ಜೇಬಿನಲ್ಲೂ ಕಟ್ಟು ಇತ್ತೆನ್ನಿ!

ತಡೆಗೆ ಲಸಿಕೆಯಿದೆ. ಪುಣೆಯ ಸೀರಂ ಸಂಸ್ಥೆಯ 'ಸರ್ವಾವ್ಯಾಕ್' 2023ರಲ್ಲಿ ಮಾರುಕಟ್ಟೆಗೆ ಬಂತು. 6, 11, 16, 18 ಈ ನಾಲ್ಕೂ ಬಗೆಗಳಿಗೆ ಅಡ್ಡಗಟ್ಟೆ. 9ರಿಂದ 14ರ ವಯಸ್ಸಿನಲ್ಲೇ ಹಾಕಿಸಿದರೆ ಲೇಸು. ಎದ್ದ ನರೂಲಿಗೆ ಅದು ಮದ್ದಲ್ಲ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಲೈಂಗಿಕ ಸೋಂಕುಗಳಿಗೆಂದೇ ಜಿಲ್ಲಾಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಇರುತ್ತವೆ, ಹೆಸರು ಹೊರಗೆ ಹೋಗುವುದಿಲ್ಲ.

ಬಸ್ಸಿಳಿಯುವಾಗ ಆತ ಕೇಳಿದ್ದು ಒಂದೇ: "ಮನೇಲಿ ಹೇಳ್ಬೇಕಾ ಸಾ?"

ಹೇಳಲೇಬೇಕು ಎಂದೆ. ಆಕೆಯೂ ತೋರಿಸಿಕೊಳ್ಳಬೇಕಲ್ಲ. ಸುಮ್ಮನೆ ತಲೆಯಾಡಿಸಿ ಆಸ್ಪತ್ರೆ ಕಡೆಗೆ ಆಟೋ ಹತ್ತಿದರು.