ಮುಖ ನೋಡಿ ಮಣೆ ಹಾಕುವ ರೆಡ್ ಕಾರ್ಡ್

ನೋಡಿ ವೀಕ್ಷಕರೇ, ನಮ್ಮಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಸುದ್ದಿಗೆ ಟಿವಿಯಲ್ಲಿ ಎರಡು ನಿಮಿಷ ಸಿಗೋದೇ ಕಷ್ಟ. ಆದರೂ ಇವತ್ತು ಫುಟ್‌ಬಾಲ್ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಯಾಕಂದ್ರೆ ಇದು ನ್ಯಾಯದ ಪ್ರಶ್ನೆ. ಒಂದೇ ತಪ್ಪಿಗೆ ಎಲ್ಲರಿಗೂ ಒಂದೇ ಶಿಕ್ಷೆ ಇರಬೇಕಾ, ಬೇಡವಾ?

2025ರ ನವೆಂಬರ್ 13, ಡಬ್ಲಿನ್ ನಗರ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಐರ್ಲೆಂಡ್ ಎದುರು ಪೋರ್ಚುಗಲ್ 2-0 ಹಿಂದಿದೆ. ಕ್ರಿಸ್ಟಿಯಾನೊ ರೊನಾಲ್ಡೊ ಎದುರಾಳಿ ಡಿಫೆಂಡರ್ ಡಾರಾ ಒ'ಶೇಗೆ ಮೊಣಕೈಯಿಂದ ಹೊಡೆದರು. ರೆಫರಿ ಮೊದಲು ತೋರಿಸಿದ್ದು ಹಳದಿ ಕಾರ್ಡ್. ವಿಡಿಯೋ ನೋಡಿದ ಮೇಲೆ ಅದು ಕೆಂಪಾಯಿತು. 226 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರಿಗೆ ಸಿಕ್ಕ ಮೊದಲ ರೆಡ್ ಕಾರ್ಡ್ ಅದು.

ಈಗ ನಿಯಮ ಏನು ಹೇಳುತ್ತೆ ಅಂತ ನೋಡೋಣ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸಸ್ಪೆಂಡ್ ಅಂದ್ರೆ ತನಿಖೆ ಮುಗಿಯೋ ತನಕ ಅರ್ಧ ಸಂಬಳದಲ್ಲಿ ಮನೆಯಲ್ಲಿ ಇರೋದು. ಫುಟ್‌ಬಾಲ್‌ನಲ್ಲಿ ಹಾಗಲ್ಲ, ಸಸ್ಪೆನ್ಷನ್ನೇ ಶಿಕ್ಷೆ. ರೆಡ್ ಕಾರ್ಡ್ ಬಿತ್ತು ಅಂದ್ರೆ ಮುಂದಿನ ಒಂದು ಪಂದ್ಯ ತಾನಾಗಿಯೇ ಹೋಯಿತು. ಅದರ ಮೇಲೆ ಇನ್ನೆಷ್ಟು ಅನ್ನೋದನ್ನು ಶಿಸ್ತು ಸಮಿತಿ ತೀರ್ಮಾನಿಸುತ್ತೆ. ಮೊಣಕೈಯಿಂದ ಹೊಡೆಯೋದು, ಗುದ್ದೋದು, ಒದೆಯೋದು, ಕಚ್ಚೋದು, ಉಗಿಯೋದು, ಇವಕ್ಕೆಲ್ಲ ಫಿಫಾ ಶಿಸ್ತು ಸಂಹಿತೆಯಲ್ಲಿ ಕನಿಷ್ಠ ಮೂರು ಪಂದ್ಯ.

ರೊನಾಲ್ಡೊಗೂ ಮೂರೇ ಪಂದ್ಯ ಬಿತ್ತು. ಆದರೆ ಕೊನೆಯ ಎರಡನ್ನು ಒಂದು ವರ್ಷದ ಪ್ರೊಬೇಷನ್ ಮೇಲೆ ತಡೆಹಿಡಿದರು. ಅಷ್ಟರೊಳಗೆ ಅಂಥದ್ದೇ ತಪ್ಪು ಮತ್ತೆ ಮಾಡಿದರೆ ಮಾತ್ರ ಆ ಎರಡು ಜಾರಿಗೆ ಬರುತ್ತೆ. ಉಳಿದ ಒಂದು, ಅರ್ಮೇನಿಯಾ ಎದುರಿನ ಪಂದ್ಯ, ಆಗಲೇ ಮುಗಿದಿತ್ತು. ಅಂದ್ರೆ 2026ರ ವಿಶ್ವಕಪ್‌ನ ಮೊದಲ ಪಂದ್ಯದಿಂದಲೇ ಅವರು ಆಡಬಹುದು.

ಇದು ಕಾನೂನುಬಾಹಿರವಾ? ಅಲ್ಲ. ಸಂಹಿತೆಯ 27ನೇ ವಿಧಿ ಈ ಅಧಿಕಾರವನ್ನು ಸಮಿತಿಗೆ ಕೊಟ್ಟಿದೆ. ತಕರಾರು ಇರೋದು ಬೇರೆ ಕಡೆ. ಈ ರಿಯಾಯಿತಿ ಯಾರಿಗೆ, ಯಾವ ಆಧಾರದ ಮೇಲೆ ಕೊಡಬೇಕು ಅಂತ ಆ ವಿಧಿ ಹೇಳೋದಿಲ್ಲ. ಎಲ್ಲವೂ ಸಮಿತಿಯ ವಿವೇಚನೆಗೆ ಬಿಟ್ಟದ್ದು.

ನಾನು ಎಂಜಿನಿಯರಿಂಗ್ ಓದಿದವನು. ಯಾವುದೇ ಅಳತೆ ಬಂದರೂ ಮೊದಲು ಕೇಳೋದು ಇದರ ಯೂನಿಟ್ ಏನು ಅಂತ. ಇಲ್ಲಿ ಶಿಕ್ಷೆಯ ಯೂನಿಟ್ 'ಪಂದ್ಯ'. ಮೀಟರ್ ಎಲ್ಲಿ ಹೋದರೂ ಮೀಟರೇ. ಪಂದ್ಯ ಹಾಗಲ್ಲ. ಲೀಗ್‌ನ ಮಧ್ಯದಲ್ಲಿ ಬರೋ ಒಂದು ಸಾಧಾರಣ ಪಂದ್ಯವೂ ಒಂದೇ, ವಿಶ್ವಕಪ್ ಫೈನಲ್ಲೂ ಒಂದೇ.

ಇದನ್ನು ಮೈಕೆಲ್ ಬಾಲಾಕ್ ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. 2002ರ ವಿಶ್ವಕಪ್ ಸೆಮಿಫೈನಲ್, ಜರ್ಮನಿ ಮತ್ತು ದಕ್ಷಿಣ ಕೊರಿಯಾ. ಕೊರಿಯಾದ ದಾಳಿ ತಡೆಯೋಕೆ ಹೋಗಿ ಬಾಲಾಕ್ ಫೌಲ್ ಮಾಡಿದರು, ಹಳದಿ ಕಾರ್ಡ್ ಬಿತ್ತು. ಅದಕ್ಕೂ ಮೊದಲೇ ಅವರ ಹೆಸರಲ್ಲಿ ಒಂದು ಹಳದಿ ಇತ್ತು. ಎರಡು ಸೇರಿದರೆ ಒಂದು ಪಂದ್ಯ ಹೊರಗೆ. ಕೆಲವೇ ನಿಮಿಷಗಳಲ್ಲಿ ಆ ಪಂದ್ಯದ ಏಕೈಕ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ತಲುಪಿಸಿದ್ದೂ ಅವರೇ. ಫೈನಲ್‌ನಲ್ಲಿ ಮಾತ್ರ ಅವರಿಗೆ ಜಾಗ ಇರಲಿಲ್ಲ. ಬ್ರೆಜಿಲ್ 2-0 ಗೆದ್ದಿತು. ಮೈದಾನದಲ್ಲಿ ದಿನಕ್ಕೆ ಹತ್ತಾರು ಸಲ ಆಗೋ ತಪ್ಪಿಗೆ ಜೀವಮಾನದ ಪಂದ್ಯವೇ ಹೋಯಿತು.

ಆಮೇಲೆ ಫಿಫಾ ಏನು ಮಾಡಿತು? 2010ರ ವಿಶ್ವಕಪ್‌ನಿಂದ ಕ್ವಾರ್ಟರ್‌ಫೈನಲ್ ಮುಗಿದ ಮೇಲೆ ಒಂಟಿ ಹಳದಿ ಕಾರ್ಡ್‌ಗಳನ್ನು ಅಳಿಸಿಹಾಕುವ ನಿಯಮ ತಂದಿತು. ಇದು ಸರಿಯಾದ ದಾರಿ. ನಿಯಮ ಕಠಿಣ ಅನ್ನಿಸಿತು, ಮುಂದೆ ಆಡೋ ಎಲ್ಲರಿಗೂ ಅನ್ವಯಿಸುವಂತೆ ಅದನ್ನೇ ತಿದ್ದಿದರು.

ಇನ್ನೊಂದು ದಾರಿ ತುಂಬಾ ಹಳೆಯದು. 1962ರಲ್ಲಿ ಚಿಲಿ ದೇಶದಲ್ಲಿ ವಿಶ್ವಕಪ್. ಬ್ರೆಜಿಲ್‌ನ ಗರಿಂಚಾ ಸೆಮಿಫೈನಲ್‌ನಲ್ಲಿ ಎರಡು ಗೋಲು ಹೊಡೆದರು, ಆಮೇಲೆ ಎದುರಾಳಿಗೆ ಒದ್ದು ಹೊರಗೆ ಹೋದರು. ಆಗಿನ್ನೂ ರೆಡ್ ಕಾರ್ಡ್ ಅನ್ನೋದೇ ಇರಲಿಲ್ಲ, ಕಾರ್ಡ್ ಬಂದದ್ದು 1970ರಲ್ಲಿ. ಮುಂದಿನ ಪಂದ್ಯ ತಾನಾಗಿಯೇ ಹೋಗುವ ನಿಯಮವೂ ಇರಲಿಲ್ಲ. ಸಮಿತಿ ಕೂತು ಮಾತಾಡಿತು, ಗರಿಂಚಾ ಫೈನಲ್ ಆಡಿದರು, ಬ್ರೆಜಿಲ್ ಕಪ್ ಗೆದ್ದಿತು. ಟೂರ್ನಿಯ ಅತಿ ದೊಡ್ಡ ತಾರೆಯ ಜಾಗದಲ್ಲಿ ಯಾರೋ ಸಾಧಾರಣ ಬ್ಯಾಕ್ ಇದ್ದಿದ್ದರೆ ತೀರ್ಪು ಹೀಗೇ ಬರುತ್ತಿತ್ತಾ? ಮುಖ ನೋಡಿ ಮಣೆ ಹಾಕೋದು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಹಾಗಾದ್ರೆ ರಿಯಾಯಿತಿಯೇ ತಪ್ಪಾ? ಪೆರು ನಾಯಕ ಪಾವೊಲೊ ಗೆರೆರೊ ಕಥೆ ಕೇಳಿ. 2017ರ ಅಕ್ಟೋಬರ್‌ನಲ್ಲಿ ಅವರ ಮೂತ್ರ ಪರೀಕ್ಷೆಯಲ್ಲಿ ಕೊಕೇನ್‌ಗೆ ಸಂಬಂಧಿಸಿದ ಅಂಶ ಸಿಕ್ಕಿತು. ನಾನು ಕುಡಿದ ಟೀಯಿಂದ ಬಂದದ್ದು ಅಂದರು ಗೆರೆರೊ. ಫಿಫಾ ಒಂದು ವರ್ಷ ನಿಷೇಧ ಹಾಕಿತು, ಮೇಲ್ಮನವಿಯಲ್ಲಿ ಅದು ಆರು ತಿಂಗಳಾಯಿತು. ಪ್ರಕರಣ ಕ್ರೀಡಾ ನ್ಯಾಯಮಂಡಳಿಗೆ ಹೋದಾಗ 14 ತಿಂಗಳಿಗೆ ಏರಿತು. ಬೇಕಂತ ಶಕ್ತಿ ಹೆಚ್ಚಿಸಿಕೊಳ್ಳೋಕೆ ಮಾಡಿದ್ದಲ್ಲ, ಆದರೆ ಅಜಾಗರೂಕತೆ ಇದೆ ಅಂತ ಆ ಮಂಡಳಿಯ ಅಭಿಪ್ರಾಯ. 36 ವರ್ಷಗಳ ನಂತರ ಪೆರು ವಿಶ್ವಕಪ್‌ಗೆ ಬಂದಿದೆ, ನಾಯಕನೇ ಇಲ್ಲ! ಆಗ ಅದೇ ಗುಂಪಿನಲ್ಲಿದ್ದ ಫ್ರಾನ್ಸ್, ಡೆನ್ಮಾರ್ಕ್, ಆಸ್ಟ್ರೇಲಿಯಾ ತಂಡಗಳ ನಾಯಕರೇ ಅವರನ್ನು ಆಡಲು ಬಿಡಿ ಅಂತ ಫಿಫಾಗೆ ಪತ್ರ ಬರೆದರು. ಸ್ವಿಟ್ಜರ್ಲೆಂಡ್‌ನ ಸರ್ವೋಚ್ಚ ನ್ಯಾಯಾಲಯ ನಿಷೇಧಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಗೆರೆರೊ ಆಡಿದರು, ಆಸ್ಟ್ರೇಲಿಯಾ ಎದುರು ಗೋಲನ್ನೂ ಹೊಡೆದರು. ವಿಶ್ವಕಪ್ ಮುಗಿದ ಮೇಲೆ ತಡೆ ತೆರವಾಯಿತು, ಉಳಿದ ನಿಷೇಧವನ್ನು ಅವರು ಪೂರ್ತಿ ಅನುಭವಿಸಿದರು.

ಇಲ್ಲೂ ದೊಡ್ಡ ಆಟಗಾರನಿಗೆ ಅನುಕೂಲ ಆಯಿತಲ್ಲ ಅಂತ ನೀವು ಕೇಳಬಹುದು. ಆಯಿತು, ಆದರೆ ಶಿಕ್ಷೆಯಲ್ಲಿ ಒಂದು ದಿನವೂ ಮಾಫಿ ಆಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ತಡೆ ಸಿಕ್ಕಿದ್ದು ಕೋರ್ಟಿನಲ್ಲಿ, ಎದುರುಪಕ್ಷದ ಕಣ್ಣೆದುರಲ್ಲೇ.

ಶಿಕ್ಷೆಯ ಲಾಭ ಯಾರಿಗೆ ಅನ್ನೋದನ್ನೂ ನೋಡಿ. ಪೆಟ್ಟು ತಿಂದದ್ದು ಐರ್ಲೆಂಡ್. ರೊನಾಲ್ಡೊ ಇಲ್ಲದ ತಂಡ ಎದುರಿಸಿದ್ದು ಅರ್ಮೇನಿಯಾ, ಅದೂ 9-1ರಲ್ಲಿ ಸೋತಿತು. ಹಾಗಾಗಿ ಸಸ್ಪೆನ್ಷನ್ ಅಂದ್ರೆ ಪೆಟ್ಟು ತಿಂದವರಿಗೆ ಕೊಡೋ ಪರಿಹಾರ ಅಲ್ಲ. ಮುಂದೆ ಮೊಣಕೈ ಎತ್ತೋನಿಗೆ ಭಯ ಇರಲಿ ಅಂತ ಹಾಕೋ ಬೇಲಿ. ಬೇಲಿ ಒಂದು ಕಡೆ ತಗ್ಗಿದ್ದರೆ ದಾಟೋರು ಅಲ್ಲಿಂದಲೇ ದಾಟುತ್ತಾರೆ.

ನಮ್ಮೂರಿಗೆ ಬರೋಣ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟೋ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೋಚ್ ಇವಾನ್ ವುಕೊಮಾನೊವಿಚ್ ಸಿಟ್ಟಿನಲ್ಲಿ ಇಡೀ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಇಲ್ಲಿನ ಅಭಿಮಾನಿಗಳಿಗೆ ಅದು ಸರಿ ಅನ್ನಿಸಿತು, ಕೊಚ್ಚಿಯವರಿಗೆ ಅನ್ಯಾಯ ಅನ್ನಿಸಿತು. ಸಹಜ. ಆದರೆ ಒಂದು ಕ್ಷಣ ಜಾಗ ಬದಲಾಯಿಸಿ. ಹೊರಗೆ ನಡೆದದ್ದು ಬೆಂಗಳೂರು ಎಫ್‌ಸಿ ಆಗಿದ್ದರೂ ಇದೇ ಶಿಕ್ಷೆ ಸರಿ ಅಂತೀರಾ? ಹೌದು ಅನ್ನೋದಾದ್ರೆ ಮಾತ್ರ ಅದು ನ್ಯಾಯ.

ರೊನಾಲ್ಡೊಗೆ ಪ್ರೊಬೇಷನ್ ಕೊಡಬಾರದಿತ್ತು ಅಂತ ನಾನು ಹಟ ಹಿಡಿಯಲ್ಲ. ಅಷ್ಟು ವರ್ಷಗಳ ಶುದ್ಧ ದಾಖಲೆ ಸಣ್ಣ ಕಾರಣ ಏನಲ್ಲ. ಹಾಗಿದ್ದರೆ ಅದನ್ನೇ ನಿಯಮದಲ್ಲಿ ಬರೆಯಲಿ: ಇಷ್ಟು ಪಂದ್ಯ ಆಡಿ ಒಂದೂ ರೆಡ್ ಕಾರ್ಡ್ ಇಲ್ಲದವನಿಗೆ ಇಷ್ಟು ರಿಯಾಯಿತಿ ಅಂತ. ಆಗ ಹೆಸರು ಕೇಳಿರದ ದೇಶದ ಹೆಸರು ಕೇಳಿರದ ಡಿಫೆಂಡರ್ ಕೂಡ ಮೊದಲ ರೆಡ್ ಕಾರ್ಡ್ ಬಿದ್ದ ದಿನ ಆ ಸಾಲು ತೋರಿಸಿ, ನನಗೂ ಕೊಡಿ ಅಂತ ಕೇಳಬಹುದು. ಇವತ್ತು ಅವನು ಕೇಳಿದರೆ ತೋರಿಸೋಕೆ ಅವನ ಕೈಯಲ್ಲಿ ಏನೂ ಇಲ್ಲ.